ಜೂನ್ ಒಂದರಂದು ಹುಟ್ಟಿದವರು

ಸಂಜನಾ ಇಳಕಲ್ಲಿನವಳು. ಜರ್ಮನಿಯ ಹೈಡೆಲ್‌ಬರ್ಗ್‌ಗೆ ಓದಲು ಬಂದು, ಇಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತ ಆರು ವರ್ಷ ಕಳೆದಿದ್ದಳು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಕನ್ನಡದವರು ಯಾರೇ ಹೊಸದಾಗಿ ಬಂದರೂ ಮನೆ ಹುಡುಕಿಕೊಡುವವಳು, ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಲು ಸರ್ಕಾರಿ ಆಫೀಸಿಗೆ ಕರೆದೊಯ್ಯುವವಳು ಇವಳೇ. ತಾನು ಮುಟ್ಟಿದ ಕೆಲಸ ಕೆಡುವುದಿಲ್ಲ ಎಂಬ ಗತ್ತೂ ಸ್ವಲ್ಪ ಇತ್ತು. ಇದ್ದರೆ ತಪ್ಪೇನು, ಆ ಮಂಗಳವಾರದವರೆಗೆ ಕೆಟ್ಟಿರಲೇ ಇಲ್ಲ.

ಕಂಪನಿಯದು ಸಕ್ಕರೆ ಕಾಯಿಲೆಯವರ ಆ್ಯಪ್. ಬೆರಳು ಚುಚ್ಚಿ ರಕ್ತ ನೋಡುವ ಮೀಟರು ಅಂಕಿಯನ್ನು ಫೋನಿಗೆ ಕಳಿಸುತ್ತದೆ. ಫೋನು ಅದನ್ನು ಕ್ಲೌಡ್‌ನ ಡೇಟಾಬೇಸ್‌ನಲ್ಲಿ ಬರೆದು, ಮತ್ತೆ ಅಲ್ಲಿಂದಲೇ ಓದಿ, ಇವತ್ತು ಎಷ್ಟು ಯೂನಿಟ್ ಇನ್ಸುಲಿನ್ ಎಂದು ತೋರಿಸುತ್ತದೆ. ಬರೆಯುವ, ಓದುವ ಆ ಭಾಗ ಪೂರ್ತಿ ಸಂಜನಾಳದೇ. ಪರೀಕ್ಷೆಗೆ ಮೂವತ್ತು ಜನ ಬೇಕಾದಾಗ ತನ್ನ ಮನೆಯ ಪಕ್ಕದ ಬೀದಿಯ ಬಸಲಿಂಗವ್ವನನ್ನು ಸೇರಿಸಿದ್ದೂ ಅವಳೇ. ಮುದುಕಿಗೆ ಮೀಟರಿನ ಪುಟ್ಟ ಅಂಕಿ ಕಾಣದೆಂದು ಫೋನಿನಲ್ಲಿ ದೊಡ್ಡ ಕನ್ನಡ ಅಂಕಿ ಮೂಡುವಂತೆ ಮಾಡಿಕೊಟ್ಟಿದ್ದಳು. ಹೋದ ವಾರ ಕಲೋನ್‌ನ ಮಹಾಂತಮ್ಮನನ್ನೂ ಸೇರಿಸಿದ್ದಳು. ಆಕೆ ಆ್ಯಪ್ ಬಳಸಿದ್ದು ಆ ಮಂಗಳವಾರವೇ ಮೊದಲು.

ಬೆಳಿಗ್ಗೆ ಎಂಟು ಗಂಟೆ ದಾಟಿತ್ತು. ಸಂಜನಾ ಆಫೀಸಿನಲ್ಲಿ ಕೂತು ಬಸಲಿಂಗವ್ವನ ದಾಖಲೆ ತೆರೆದಳು. ಸಕ್ಕರೆ 71 ಎಂದಿತ್ತು. ಇಷ್ಟು ಇಳಿದಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಅದು ಅಳಿದು 318 ಆಯಿತು. ಮೇಲಿದ್ದ ಹೆಸರು ಮಹಾಂತಮ್ಮ ಎಂದಾಯಿತು.

ಇಬ್ಬರಿಗೂ ಒಂದೇ ದಾಖಲೆ. ಯಾರದು ಯಾವುದೆಂದು ಗುರುತಿಸಲು ಅವಳು ಅಡ್ಡಹೆಸರನ್ನೂ ಹುಟ್ಟಿದ ದಿನಾಂಕವನ್ನೂ ಸೇರಿಸಿದ್ದಳು. ಜರ್ಮನ್ನರಿಗೆ ಅದು ಸಾಕಿತ್ತು. ಈ ಇಬ್ಬರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲ, ಆ ಜಾಗಕ್ಕೆ ಒಂದು ಗೀಟು. ಹುಟ್ಟಿದ ದಿನವೋ, ಇಬ್ಬರದೂ 1957ರ ಜೂನ್ ಒಂದು. ಆ ಕಾಲದಲ್ಲಿ ಮಗು ಹುಟ್ಟಿದ್ದು ಯಾವಾಗ ಎಂದರೆ ಹೆತ್ತವರು ‘ಜ್ವಾಳಾ ಕೊಯ್ಯೂ ಮುಂದ’ ಎನ್ನುತ್ತಿದ್ದರು. ಮಾಸ್ತರರು ಶಾಲೆ ಶುರುವಾಗುವ ತಿಂಗಳ ಒಂದನೇ ತಾರೀಖು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಊರಿಗೆ ಊರೇ ಜೂನ್ ಒಂದರಂದು ಹುಟ್ಟಿದೆ, ಸಂಜನಾಳ ಅಪ್ಪನೂ ಸೇರಿ. ಇಡೀ ಆಫೀಸಿನಲ್ಲಿ ಇದು ಚೆನ್ನಾಗಿ ಗೊತ್ತಿದ್ದವಳು ಅವಳೇ, ಹೊಳೆಯದೆ ಹೋದದ್ದೂ ಅವಳಿಗೇ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ.

318ಕ್ಕೆ ಆ್ಯಪ್ ತೋರಿಸುವುದು ಹದಿನೆಂಟು ಯೂನಿಟ್. 71 ಇರುವ ಬಸಲಿಂಗವ್ವ ಅಷ್ಟನ್ನು ಚುಚ್ಚಿಕೊಂಡರೆ ಪ್ರಜ್ಞೆ ತಪ್ಪುತ್ತದೆ, ಜೀವವೇ ಹೋಗಬಹುದು.

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಬೆರಳು ಚುಚ್ಚಿ ಲಿಂಗಪೂಜೆಗೆ ಕೂತರೆ, ಮುಗಿಯುವವರೆಗೆ ಮುದುಕಿ ಫೋನ್ ಮುಟ್ಟುವುದಿಲ್ಲ. ಮುಗಿದ ಕೂಡಲೇ ಅಂಕಿ ನೋಡಿ ಇನ್ಸುಲಿನ್, ಆಮೇಲೆ ರೊಟ್ಟಿ. ಮಗ ಸುನಿಲಕುಮಾರನದು ದೂರದ ಅಬ್‌ಸ್ಟಾಟ್ ಊರಿನ ಕಾರ್ಖಾನೆಯಲ್ಲಿ ಕೆಲಸ, ಅವನು ಫೋನನ್ನು ಗೇಟಿನಲ್ಲೇ ಬಿಟ್ಟು ಒಳಗೆ ಹೋಗಬೇಕು.

ಪಕ್ಕದ ಮೇಜಿನಲ್ಲಿ ಮೈಸೂರಿನ ರಾಕೇಶ್ ಕಾಫಿ ಕುಡಿಯುತ್ತಿದ್ದ.

“ರಾಕೇಶ್, ಆ್ಯಪ್ ಬಂದ್ ಮಾಡು, ಲಗೂನ.”

“ಬಾಸ್‌ನ ಕೇಳ್ದೆ ಹೆಂಗೆ ಮಾಡೋದು?”

“ನನ್ನ ಹೆಸರಿಗೆ ಬರಿ. ಮಹಾಂತಮ್ಮಗ ಫೋನ್ ಹಚ್ಚು, ಡಾಕ್ಟರಿಗೆ ಕೇಳೂತನಕ ಫೋನ್ ಹೇಳಿದ್ದು ಏನೂ ಮಾಡಬ್ಯಾಡ್ರಿ ಅನ್ನು.”

ಅವನು ಕಪ್ ಕೆಳಗಿಟ್ಟು ಕೀಬೋರ್ಡ್ ಎಳೆದುಕೊಂಡ. ಆದರೆ ಬಂದ್ ಮಾಡಿದರೂ ಬಸಲಿಂಗವ್ವನ ಫೋನಿನಲ್ಲಿ ಆಗಲೇ ಮೂಡಿದ ಅಂಕಿ ಅಳಿಯುವುದಿಲ್ಲ. ಹೊರಗೆ ನಿಲ್ದಾಣದ ಬೋರ್ಡು ಟ್ರಾಮ್ ಬರಲು ಒಂಬತ್ತು ನಿಮಿಷ ಎಂದು ಹೇಳುತ್ತಿತ್ತು. ಸಂಜನಾ ಓಡಿದಳು. ಕೆಂಪು ಸಿಗ್ನಲ್ ದಾಟಿದ್ದಕ್ಕೆ ಒಬ್ಬ ಅಜ್ಜ, ಮಕ್ಕಳು ನೋಡುತ್ತವೆ ಎಂದು ಗದರಿದ. ಗದರಲಿ. ಓಡುತ್ತಲೇ ಇನ್ನೆರಡು ಸಲ ಫೋನ್ ಹಚ್ಚಿದಳು, ಎರಡು ಸಲವೂ ಎತ್ತಲಿಲ್ಲ.

ಬೆಲ್ ಒತ್ತಿ ಹಿಡಿದಳು. ತುಸು ಹೊತ್ತಿಗೆ ಬಾಗಿಲು ತೆರೆಯಿತು. ಬಸಲಿಂಗವ್ವನ ಹಣೆಯ ತುಂಬ ವಿಭೂತಿ, ಕೈಯಲ್ಲಿ ಇನ್ಸುಲಿನ್ ಪೆನ್ನು.

“ಚುಚ್ಚಿಕೊಂಡ್ರೇನ್ರಿ, ದೊಡ್ಡವ್ವಾ?”

“ಇನ್ನೂ ಇಲ್ಲ. ಹದಿನೆಂಟಕ್ಕ ತಿರುವಿದ್ದೆ, ನೀ ಬೆಲ್ ಹೊಡದಿ. ಯಾಕವ್ವಾ ಹಿಂಗ ಬೆವತೀದಿ?”

ಸಂಜನಾ ಪೆನ್ನನ್ನು ಕಸಿದುಕೊಂಡು ಅಲ್ಲೇ ಚಪ್ಪಲಿಗಳ ನಡುವೆ ಕುಸಿದು ಕೂತಳು. ಉಸಿರು ಬಂದ ಮೇಲೆ ಎಲ್ಲ ಹೇಳಿದಳು, ತಪ್ಪು ತನ್ನದೇ ಎಂದೂ ಹೇಳಿದಳು. ಮುದುಕಿ ಕೇಳಿಸಿಕೊಂಡು, ಅವಳ ತಲೆಯ ಮೇಲೆ ಕೈಯಿಟ್ಟು ಸಮಾಧಾನ ಮಾಡಹೋದಳು.

“ದಿನಾ ಆರು ಇರ್ತಿತ್ತು. ಇವತ್ತ ಹದಿನೆಂಟು ನೋಡಿ ನನಗೂ ಸಂಶೇ ಬಂತು ಬಿಡು. ತಲಿ ಬ್ಯಾರೆ ತಿರಗಾಕತ್ತಿತ್ತು. ಆದ್ರ ನಮ್ಮ ಸಂಜೂ ಮಾಡಿದ್ದು, ತಪ್ಪಿರಂಗಿಲ್ಲ ಅಂದಕೊಂಡೆ.”

ಸಂಜನಾಳಿಗೆ ತಲೆ ಎತ್ತಲಾಗಲಿಲ್ಲ. ಪೆನ್ನು ಅವಳ ಮುಷ್ಟಿಯಲ್ಲೇ ಇತ್ತು, ಹದಿನೆಂಟಕ್ಕೆ ನಿಂತಿತ್ತು.