ಬುಟ್ಟಿಯ ಮುಂದಿನ ರೊಟ್ಟಿ

ಅಗಸಿ ಹುರಿಯುವಾಗ ಮೊದಲು ಯಾವ ವಾಸನೆಯೂ ಬರುವುದಿಲ್ಲ. ಕಾಳು ಒಂದೊಂದಾಗಿ ಸಿಡಿಯತೊಡಗಿದ ಮೇಲೆ ಬಾಣಲೆಯಿಂದ ಎಣ್ಣೆಯ ಗಾಢವಾದ ಕಮಟು ಎದ್ದು ಅಡಿಗೆಮನೆಯನ್ನೆಲ್ಲ ತುಂಬುತ್ತದೆ. ಬೇರೆಯವರ ಮನೆಯಲ್ಲಿ ಆ ವಾಸನೆ ಬಂದರೆ ಹಿಂಡಿ, ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿಪುಡಿ, ಕುಟ್ಟುವ ತಯಾರಿ ನಡೆದಿದೆ ಎಂದು ತಿಳಿಯಬೇಕು. ನಮ್ಮ ಮನೆಯಲ್ಲಿ ಹಾಗೆ ತಿಳಿಯಲು ಬರುತ್ತಿರಲಿಲ್ಲ. ಅವ್ವ ಒಲೆಯ ಮುಂದೆ ಅಗಸಿ ಹುರಿಯುತ್ತಿರಬಹುದು, ಇಲ್ಲವೇ ಅಪ್ಪ ಪಡಸಾಲೆಯಲ್ಲಿ ಕೂತು ಗಾಣದ ಅಗಸಿ ಎಣ್ಣೆಯಲ್ಲಿ ಬಣ್ಣ ಕಲಸುತ್ತಿರಬಹುದು. ಆ ರವಿವಾರ ಎರಡೂ ನಡೆದಿದ್ದವು. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಶಿವರಾತ್ರಿ ಮುಗಿದು ಹೊಸ ಜೋಳ ಮನೆಗೆ ಬಂದಿತ್ತು. ನನಗೆ ಒಂಬತ್ತು ವರ್ಷ. ಹಳೆಯ ಬಾಗಲಕೋಟೆಯ ಓಣಿಯೊಂದರಲ್ಲಿ, ಮಣ್ಣಿನ ಮಾಳಿಗೆಯ ಮನೆಯಲ್ಲಿ, ಅಪ್ಪ, ಅವ್ವ, ಅಪ್ಪನ ತಾಯಿ ಆಯಿ ಮತ್ತು ನಾನು, ನಾಲ್ಕೇ ಜನ. ನಮ್ಮ ಮನೆಯ ಕೊನೆಯ ಸಾದಾ ದಿನ ಅದು. ಸಾದಾ ದಿನವಾದ್ದರಿಂದ ನಾವ್ಯಾರೂ ಅದನ್ನು ನಿಂತು ನೋಡಲಿಲ್ಲ. ಅಪ್ಪ ಒಬ್ಬನೇ ನೋಡಿದ, ಅವನೂ ಬುಟ್ಟಿಯಲ್ಲಿದ್ದ ರೊಟ್ಟಿಗಳನ್ನಷ್ಟೇ ನೋಡಿದ.

ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹುಡುಗರಿಗೆ ಕೊಡ, ಬಕೆಟ್ಟು, ಮಾವಿನ ಎಲೆ ತೆಗೆಯಲು ಕಲಿಸುತ್ತಿದ್ದ. "ಎದುರಿಗೆ ಇದ್ದದ್ದನ್ನ ಅಷ್ಟ ತಗೀರಿ, ಇಲ್ಲದ್ದನ್ನ ತಗೀಬ್ಯಾಡ್ರಿ" ಎನ್ನುವುದು ಅವನ ಒಂದೇ ಪಾಠ. ಮನೆಯಲ್ಲಿಯೂ ಅದನ್ನೇ ಪಾಲಿಸಿದ, ಮನೆಯಲ್ಲಿ ಅವನ ಎದುರಿಗೆ ಇದ್ದದ್ದು ನಮ್ಮ ಊಟ. ಗುದ್ದಿ ಒಡೆದ ಉಳ್ಳಾಗಡ್ಡಿ, ತಾಟಿನ ಅಂಚಿಗೆ ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ, ಮಜ್ಜಿಗೆಯ ಗಡಿಗೆ, ಒಂದು ತುಂಡು ಬೆಲ್ಲ ಮತ್ತು ಅದರ ಮೇಲೆ ಕೂತ ಒಂದು ಇರುವೆ. ಇವನ್ನೇ ಅವನು ತೈಲಬಣ್ಣದಲ್ಲಿ ವರ್ಷಗಟ್ಟಲೆ ತೆಗೆದ. ಬಣ್ಣದ ಟ್ಯೂಬುಗಳು ಹುಬ್ಬಳ್ಳಿಯಿಂದ ಬರುತ್ತಿದ್ದವು. ಬಟ್ಟೆ ಮಾತ್ರ ಅವ್ವನ ತವರು ಇಳಕಲ್ಲಿನದು, ಅಜ್ಜನ ಮಗ್ಗದಲ್ಲಿ ನೇಯ್ದ ದಪ್ಪನೆಯ ಹತ್ತಿ ಬಟ್ಟೆ. ಅದನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಸರೇಸಿನ ಅಂಟು ಮತ್ತು ಸೀಮೆಸುಣ್ಣದ ಪುಡಿ ಬಳಿದು, ಮಾಳಿಗೆಯ ಬಿಸಿಲಿಗೆ ಒಣಗಿಸುತ್ತಿದ್ದ. ಓಣಿಯವರಿಗೆ ಇದೊಂದು ತಮಾಷೆ. "ಮಾಸ್ತರ, ಬನಶಂಕರಿ ತಾಯಿ ಚಿತ್ರ ತಗೀರಲಾ. ಈ ಉಳ್ಳಾಗಡ್ಡಿ ಯಾರ ಗ್ವಾಡಿಗೆ ಹಾಕ್ಕೋತಾರ?" ಎಂದು ಯಾರೋ ಕೇಳಿದ್ದಕ್ಕೆ ಅಪ್ಪ ತಲೆ ಎತ್ತದೆ "ಉಣ್ಣವರು ಹಾಕ್ಕೋತಾರ" ಎಂದಿದ್ದ.

ಆಯಿ ಬೇಡ ಎನ್ನಲಿಲ್ಲ, ಆದರೆ ಒಂದು ಕರಾರು ಹಾಕಿದ್ದಳು. ನಮ್ಮ ಮನೆಯಲ್ಲಿ ತಾಟಿಗೆ ಬಿದ್ದದ್ದು ಪ್ರಸಾದ. ಒಂದು ಅಗುಳೂ ಬಿಡದೆ ಉಂಡು, ತಾಟಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. "ಚಿತ್ರ ತಗೀಪಾ, ಯಾರ್ ಬ್ಯಾಡ ಅಂತಾರ. ಆದ್ರ ತಾಟಿಗೆ ಬಿದ್ದದ್ದು ಹೊಟ್ಟಿಗೇ ಹೋಗಬೇಕು" ಎಂದಳು. ಹೀಗಾಗಿ ಅಪ್ಪನ ಚಿತ್ರಕ್ಕೆ ಕೂತ ಊಟವನ್ನೆಲ್ಲ ನಾವೇ ಉಂಡಿದ್ದೇವೆ. ಒಮ್ಮೆ ಬೇಸಿಗೆಯಲ್ಲಿ ಬದನೆಕಾಯಿ ಎಣ್ಣೆಗಾಯಿಯನ್ನು ಮುಂಜಾನೆಯಿಂದ ಸಂಜೆಯವರೆಗೆ ಎದುರಿಗೆ ಇಟ್ಟುಕೊಂಡು ತೆಗೆದು, ಕರಾರಿನ ಪ್ರಕಾರ ತಾನೇ ಉಂಡು, ಮರುದಿನ ಸಾಲಿಗೆ ರಜೆ ಹಾಕಿದ. "ಏನ್ರಿ ಮಾಸ್ತರ, ಚಿತ್ರ ಹೊಟ್ಟ್ಯಾಗ ನಿಲ್ಲವಲ್ದೇನು?" ಎಂದು ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ನನಗೆ ನೆನಪಿದೆ. ಆಮೇಲೆ ಅವನು ಕೆಡದಂಥ ಪದಾರ್ಥಗಳನ್ನೇ ಆರಿಸತೊಡಗಿದ. ನಾನು ಬಾಗಿಲ ಹತ್ತಿರ ಕಾಯುತ್ತಿದ್ದೆ. ಕೆಲಸ ಮುಗಿದ ಮೇಲೆ ಅಪ್ಪ ಕುಂಚಗಳನ್ನು ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಅದ್ದಿ ತೊಳೆಯುತ್ತಿದ್ದ. ಅಗಸಿ ಎಣ್ಣೆಯ ವಾಸನೆಯ ಮೇಲೆ ಚಿಮಣಿ ಎಣ್ಣೆಯ ವಾಸನೆ ಬಂತೆಂದರೆ ಚಿತ್ರ ಮುಗಿಯಿತು, ಇನ್ನು ತಿನ್ನಬಹುದು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನ ಮೂಗು ತಾನೇ ಕಲಿತಿತ್ತು.

ಅವ್ವನ ಚಿತ್ರವನ್ನು ಅಪ್ಪ ಒಂದೂ ತೆಗೆಯಲಿಲ್ಲ. "ನಂದೂ ಒಂದ್ ತಗೀರಿ, ಉಳ್ಳಾಗಡ್ಡಿಗಿಂತ ಕಡೀನೇನು ನಾ?" ಎಂದು ಅವಳೇ ಕೇಳಿದ್ದುಂಟು. "ನೀ ಒಂದ್ ತಾಸು ಒಂದ್ ಕಡೆ ಕೂತಿಯಂದ್ರ ತಗೀತೇನಿ" ಎಂದು ಅವನು. ಒಂದು ತಾಸು ಕೂಡುವುದು ಅವಳಿಂದ ಆಗುತ್ತಿರಲಿಲ್ಲ. ಮದುವೆಯ ಫೋಟೋ ಒಂದಿತ್ತು, ಅದರಲ್ಲಿ ಬಾಸಿಂಗ ಅವಳ ಮುಖವನ್ನು ಅರ್ಧ ಮುಚ್ಚಿದೆ. ಅವಳು ಕೂಡುತ್ತಿದ್ದದ್ದು ರೊಟ್ಟಿ ಬಡಿಯಲು ಮಾತ್ರ, ಆಗ ಅವಳ ಕೈಗಳು ನಿಲ್ಲುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ಮಗ್ಗಕ್ಕೆ ಸಿಕ್ಕು ಅವಳ ಬಲಗೈಯ ಉಂಗುರದ ಬೆರಳು ಡೊಂಕಾಗಿತ್ತು. ಹಿಟ್ಟಿನ ಮುದ್ದೆಯನ್ನು ತಿರುಗಿಸುತ್ತ ಬಡಿಯುವಾಗ ಆ ಬೆರಳು ಅಂಚಿನಲ್ಲಿ ಒಂದು ಕಡೆ ಮೆಲ್ಲಗೆ ಒತ್ತುತ್ತಿತ್ತು. ಬೆಂದ ರೊಟ್ಟಿಯ ಅಂಚಿಗೆ, ಚಂದ್ರನನ್ನು ಯಾರೋ ತುಸು ಚಿವುಟಿದ ಹಾಗೆ, ಒಂದು ಸಣ್ಣ ತಗ್ಗು ಉಳಿಯುತ್ತಿತ್ತು. ಅಪ್ಪನ ಎಲ್ಲ ಚಿತ್ರಗಳ ಎಲ್ಲ ರೊಟ್ಟಿಗಳಲ್ಲಿ ಆ ತಗ್ಗು ಇತ್ತು. ಅದನ್ನು ಅವನು ಎಲ್ಲಕ್ಕಿಂತ ಕೊನೆಗೆ, ಉಸಿರು ಬಿಗಿಹಿಡಿದು ತೆಗೆಯುತ್ತಿದ್ದ.

ಆ ರವಿವಾರ ಅವ್ವ ಹೊಸ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿದಳು. ಅಪ್ಪ ಅವನ್ನು ಬಿದಿರಿನ ಬುಟ್ಟಿಯಲ್ಲಿ ಒಂದರ ಮೇಲೊಂದು ಜೋಡಿಸಿ, ಪೂರ್ತಿ ಉಬ್ಬಿದ ಒಂದು ರೊಟ್ಟಿಯನ್ನು ಬುಟ್ಟಿಯ ಮುಂದೆ ಆನಿಸಿ ನಿಲ್ಲಿಸಿದ. ಪಕ್ಕದಲ್ಲಿ ಒಂದು ವಾಟಿ ಅಗಸಿ ಹಿಂಡಿ. ಬುಟ್ಟಿಯೊಳಗಿನವುಗಳ ಅಂಚಷ್ಟೇ ಕಾಣುತ್ತಿತ್ತು. ಇಡಿಯಾಗಿ ಕಾಣುತ್ತಿದ್ದದ್ದು ಮುಂದಿನದೊಂದೇ. ಮಧ್ಯಾಹ್ನದ ಹೊತ್ತಿಗೆ ಬುಟ್ಟಿ, ಅಂಚುಗಳು, ವಾಟಿ ಮುಗಿದಿದ್ದವು. ಮುಂದಿನ ರೊಟ್ಟಿಗೆ ಇದ್ದಿಲಿನಿಂದ ಒಂದು ಸುತ್ತು ಗೆರೆ ಎಳೆದು ಬಿಟ್ಟಿದ್ದ, ಮೂರು ಗಂಟೆಯ ಬೆಳಕಿಗಾಗಿ ಕಾಯುತ್ತಿದ್ದ. "ಎಲ್ಲಾರೂ ರೊಟ್ಟಿ ಬೆಳ್ಳಗ ಅಂತಾರ ನೀಲವ್ವಾ. ನೋಡಾಕ ಹತ್ತಿದ್ರ ಎಲ್ಲೂ ಬೆಳ್ಳಗಿಲ್ಲ" ಎಂದು ನನಗೆ ಹೇಳಿದ. ಆಮೇಲೆ ಬಿಳಿ ಬಣ್ಣಕ್ಕೆಂದು ಒಂದೇ ಒಂದು ಸಣ್ಣ ಕುಂಚವನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು, ಒರೆಸಲು ಅರಿವೆ ಹುಡುಕುತ್ತ ಹಿತ್ತಲಿಗೆ ಹೋದ. ವಾಸನೆ ಬಂತು. ನಾನು ಎದ್ದು ಹೋಗಿ ಮುಂದಿನ ರೊಟ್ಟಿಯನ್ನು ಮುರಿದು, ಹಿಂಡಿ ಹಚ್ಚಿಕೊಂಡು ತಿಂದೆ.

ಅಪ್ಪ ಬಂದು ನಿಂತ. ಬುಟ್ಟಿಯನ್ನು ನೋಡಿದ, ಹಿಂಡಿ ಹತ್ತಿದ ನನ್ನ ತುಟಿಯನ್ನು ನೋಡಿದ. "ಮುಗಿದಿದ್ದಿಲ್ಲಲ್ಲವ್ವಾ" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನಾನು ಅಳತೊಡಗಿದೆ. ಅವ್ವ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನಕ್ಕಳು. "ಹಸದ ಕೂಸು ತಿಂದೈತಿ, ಅದಕ್ಯಾಕ ಮಾರಿ ಸಣ್ಣ ಮಾಡ್ತೀರಿ? ನಾಳೆ ಮುಂಜಾನೆ ಇನ್ನೊಂದು ಬಡದು ಕೊಡ್ತೇನಿ. ನನ್ನ ಕೈ ಎಲ್ಲಿ ಹೋಗ್ತಾವ?" ಅಪ್ಪನೂ ನಕ್ಕ. ಬುಟ್ಟಿಯಲ್ಲಿ ಹಾಗೆ ಪೂರ್ತಿ ಉಬ್ಬಿದ್ದು ಇನ್ನೊಂದು ಇರಲಿಲ್ಲ, ಅಷ್ಟರಲ್ಲಿ ಬೆಳಕೂ ಇಳಿದಿತ್ತು. ಸಂಜೆ ಬುಟ್ಟಿಯಲ್ಲಿದ್ದ ಉಳಿದ ರೊಟ್ಟಿಗಳನ್ನು ನಾಲ್ವರೂ ಕೂತು ಹಾಲಿನಲ್ಲಿ ಮುರಿದುಕೊಂಡು ಉಂಡೆವು. ಒಂದನ್ನೂ ಉಳಿಸಲಿಲ್ಲ. ತಾಟು ತೊಳೆದು ಆ ನೀರನ್ನೂ ಕುಡಿದೆವು.

ಸೋಮವಾರ ಮುಂಜಾನೆ ಅವ್ವ ಹಿಟ್ಟು ನಾದುತ್ತ "ತಲಿ ಭಾಳ ಸಿಡ್ಯಾಕ ಹತ್ತೈತ್ರಿ ಅತ್ತಿ" ಎಂದು ಆಯಿಗೆ ಹೇಳಿ, ಪರಾತದ ಪಕ್ಕಕ್ಕೆ ವಾಲಿದಳು. ಟಾಂಗಾದಲ್ಲಿ ದವಾಖಾನಿಗೆ ಒಯ್ದರು. ಮಧ್ಯಾಹ್ನದೊಳಗೆ ತಿರುಗಿ ತಂದರು. ತಲೆಯೊಳಗೆ ನರ ಒಡೆದಿತ್ತಂತೆ. ನಾದಿದ ಹಿಟ್ಟು ಪರಾತದಲ್ಲಿ ಹಾಗೇ ಇತ್ತು, ಅದರ ಮೇಲೆ ಅವಳ ಬೆರಳುಗಳು ಮೂಡಿದ್ದವು. ಓಣಿಯ ಹೆಂಗಸೊಬ್ಬಳು ಅದನ್ನು ಎತ್ತಿ ಆಕಳಿಗೆ ಹಾಕಿದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಹೂ ಮುಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಅವ್ವನನ್ನು ಪಡಸಾಲೆಯಲ್ಲಿ, ಹಿಂದಿನ ದಿನ ಬುಟ್ಟಿ ಇಟ್ಟಿದ್ದ ಜಾಗದಲ್ಲಿಯೇ ಕೂಡಿಸಿದರು. ಅವಳು ಒಂದು ತಾಸಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೂರು ಗಂಟೆಯ ಬೆಳಕು ಬಾಗಿಲಿನಿಂದ ಬಂದು ಅವಳ ಮೊಣಕಾಲಿನ ಮೇಲಿದ್ದ ಕೈಗಳ ಮೇಲೆ ಬಿತ್ತು. ಅಪ್ಪ ಎದುರಿಗೆ ಕೂತಿದ್ದ. ಅವನು ಕೈಗಳನ್ನಷ್ಟೇ ನೋಡುತ್ತಿದ್ದ.

ಎಷ್ಟೋ ತಿಂಗಳಾದ ಮೇಲೆ, ಮಳೆಗಾಲ ಕಳೆದು, ಅಪ್ಪ ಆ ಚೌಕಟ್ಟನ್ನು ಮತ್ತೆ ಹೊರಗೆ ತಂದ. ಆಯಿ ಏನೂ ಕೇಳದೆ ರೊಟ್ಟಿ ಬಡಿದು ಕೊಟ್ಟಳು. ಅವನು ಬುಟ್ಟಿಯ ಮುಂದೆ ಅದನ್ನು ನಿಲ್ಲಿಸಿ ಬಹಳ ಹೊತ್ತು ನೋಡಿ, "ರೊಟ್ಟಿ ಛಲೋ ಆಗೇತಿ ಅವ್ವಾ" ಎಂದು ಕುಂಚ ಕೆಳಗಿಟ್ಟ. ಮರುದಿನ ನಾನು ಅಡಿಗೆಮನೆಗೆ ಹೋದಾಗ ಆಯಿ ತನ್ನ ಉಂಗುರದ ಬೆರಳನ್ನು ಇನ್ನೊಂದು ಕೈಯಿಂದ ಬಗ್ಗಿಸಿ ಬಗ್ಗಿಸಿ ಹಿಟ್ಟಿನ ಅಂಚಿಗೆ ಒತ್ತುತ್ತಿದ್ದಳು. ಒತ್ತಿದಲ್ಲೆಲ್ಲ ರೊಟ್ಟಿ ಹರಿಯುತ್ತಿತ್ತು. ನನ್ನ ಹಿಂದೆ ಬಂದು ನಿಂತಿದ್ದ ಅಪ್ಪ ಅದನ್ನು ನೋಡಿ "ಬ್ಯಾಡ ಬಿಡವ್ವಾ" ಎಂದ. ಹರಿದ ರೊಟ್ಟಿಗಳನ್ನು ಆ ದಿನ ನಾವು ಉಂಡೆವು. "ನೆನಪಿಲೆ ತಗೀಪಾ, ನಿನಗ ಗೊತ್ತಿಲ್ಲೇನು ಅಕಿ ರೊಟ್ಟಿ?" ಎಂದು ಆಯಿ ಮುಂದೆ ಎಷ್ಟೋ ಸಲ ಹೇಳಿದಳು. ಅವನದು ಒಂದೇ ಉತ್ತರ, "ಎದುರಿಗೆ ಇಲ್ಲದ್ದನ್ನ ಹ್ಯಾಂಗ ತಗೀಲಿ?" ಆಮೇಲೂ ಉಳ್ಳಾಗಡ್ಡಿ, ಬೆಲ್ಲ, ಗಡಿಗೆ ತೆಗೆದ. ರೊಟ್ಟಿ ತೆಗೆಯಲಿಲ್ಲ. ಹನ್ನೆರಡನೆಯ ವರ್ಷಕ್ಕೆ ನಾನು ರೊಟ್ಟಿ ಬಡಿಯಲು ಕಲಿತೆ. ಮೊದಲ ದಿನ ನಾನು ಬಡಿದದ್ದನ್ನು ಅವನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿ, ಚೆನ್ನಾಗಿದೆ ಎಂದು ತಲೆಯಾಡಿಸಿದ. ಅವನು ಏನು ಹುಡುಕಿದ ಎಂದು ನನಗೆ ತಿಳಿಯಿತು.

ಎಂಬತ್ತರ ದಶಕದಲ್ಲಿ ಹುನಗುಂದಕ್ಕೆ ಮದುವೆಯಾಗಿ ಹೋಗಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಆಯಿ ನನಗಾಗಿ ಅಗಸಿ ಹುರಿಯುತ್ತಿದ್ದಳು. ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ಹನ್ನೊಂದು ವರ್ಷ ಒಳಗೇ ಇದ್ದ ಮಾತು ಆ ವಾಸನೆಗೆ ಹೊರಗೆ ಬಂತು. "ಅಪ್ಪಾ, ಅವತ್ತ ಚಿಮಣಿ ಎಣ್ಣಿ ವಾಸನಿ ಬಂತು. ಮುಗೀತು ಅಂತ ತಿಂದ್ನಿ. ನಾ ತಿನ್ನದಿದ್ರ ಆ ಚಿತ್ರ..." ಎಂದೆ. ಅಪ್ಪ ಕೂಸಿನ ಮುಷ್ಟಿಯನ್ನು ಬಿಡಿಸಿ ಬೆರಳುಗಳನ್ನು ಒಂದೊಂದಾಗಿ ನೋಡುತ್ತ, "ಅಕಿ ಬಡದದ್ದು ತಿನ್ನಾಕವ್ವಾ, ತಗ್ಯಾಕಲ್ಲ" ಎಂದ. ಆ ಮುಷ್ಟಿಯನ್ನು ಮತ್ತೆ ಮಡಿಸಿ, "ರುಚಿ ಹ್ಯಾಂಗಿತ್ತು?" ಎಂದು ಕೇಳಿದ. ದಿನದಿನದ ರೊಟ್ಟಿಯಂತೆಯೇ ಅದನ್ನು ಗಬಗಬನೆ ತಿಂದಿದ್ದೆ. ನೆನಪಿಲ್ಲ ಎಂದು ಹೇಳಬೇಕಾಯಿತು.

ಆಯಿ ಹೋದಳು, ಕೆಲವು ವರ್ಷಕ್ಕೆ ಅಪ್ಪನೂ ಹೋದ. ಆಣೆಕಟ್ಟಿನ ಹಿನ್ನೀರಿನ ಮುಳುಗಡೆಯಲ್ಲಿ ಆ ಓಣಿಯೂ ಹೋಯಿತು. ಮನೆ ಖಾಲಿ ಮಾಡುವಾಗ ಉಳ್ಳಾಗಡ್ಡಿ, ಬೆಲ್ಲದ ಚಿತ್ರಗಳನ್ನು ಬೇಕೆಂದವರು ಒಯ್ದರು. ನೀವೂ ಮನೆ ಬಿಟ್ಟು ಬಂದವರಾದರೆ ನಿಮಗೆ ಗೊತ್ತಿರುತ್ತದೆ, ಎಲ್ಲವನ್ನೂ ಕಟ್ಟಿಕೊಂಡು ಬರಲು ಆಗುವುದಿಲ್ಲ. ನಾನು ಒಂದನ್ನೇ ತಂದೆ. ಅದು ಈಗ ಹುನಗುಂದದ ನಮ್ಮ ಅಡಿಗೆಮನೆಯ ಗೋಡೆಯ ಮೇಲಿದೆ. ಗಾಣದ ಎಣ್ಣೆ ವರ್ಷಗಳಿಂದ ಹಳದಿಗಟ್ಟಿ, ಬುಟ್ಟಿಯ ಮೇಲೆ ಯಾವಾಗಲೂ ಸಂಜೆಯಾದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ರೊಟ್ಟಿಯ ಅಂಚುಗಳು ಒಂದರ ಮೇಲೊಂದು ಕಾಣುತ್ತವೆ, ವಾಟಿಯ ತುಂಬ ಅಗಸಿ ಹಿಂಡಿ ಇದೆ. ಮುಂದೆ ಇದ್ದಿಲಿನ ಒಂದು ಗೆರೆ ಸುತ್ತು ಹೋಗಿದೆ. ಅದರೊಳಗೆ ಅಜ್ಜನ ಮಗ್ಗದ ಬಟ್ಟೆಯ ಎಳೆಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿವೆ. ರೊಟ್ಟಿ ಇಲ್ಲ.