ಕಲಿಸದೆ ಉಳಿದ ಕೊಂಡಿ

೨೦೦೧ರಲ್ಲಿ ನಾನು ಹೈದರಾಬಾದಿನ ಒಂದು ಸಂಶೋಧನಾಲಯದಲ್ಲಿ ಆಲಿಗೋನ್ಯೂಕ್ಲಿಯೋಟೈಡ್ ಕೆಮಿಸ್ಟ್ ಆಗಿದ್ದೆ. ಹೆಸರು ಕೇಳಿದರೇ ಜನ ಹೆದರುತ್ತಿದ್ದರು. ಬಾಗಲಕೋಟೆಯಲ್ಲಿದ್ದ ನನ್ನ ಅವ್ವ ಮಾತ್ರ, ಮಗಳು ಔಷಧ ಮಾಡುತ್ತಾಳೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಕೆಲಸ ಇಷ್ಟು: ಕೆಲವು ನರರೋಗಗಳಲ್ಲಿ ಒಂದು ಜೀನ್ ಕೆಟ್ಟ ಪ್ರೋಟೀನ್ ಮಾಡಿಸುತ್ತದೆ. ಜೀನಿನ ಆದೇಶವನ್ನು ಹೊತ್ತೊಯ್ಯುವ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ದಾರಿಯಲ್ಲೇ ತಡೆಯುವಂಥ ಇಪ್ಪತ್ತು ರಾಸಾಯನಿಕ ಅಕ್ಷರಗಳ ಚಿಕ್ಕ ಸರಪಳಿಯನ್ನು ನಾವು ಯಂತ್ರದಲ್ಲಿ ಒಂದೊಂದೇ ಅಕ್ಷರ ಸೇರಿಸಿ ಕಟ್ಟುತ್ತಿದ್ದೆವು.

ಆ ವರ್ಷ ಬಾಗಲಕೋಟೆಯ ವೈದ್ಯರೊಬ್ಬರು ಇಳಕಲ್ಲಿನ ನೇಕಾರ ಕುಟುಂಬವೊಂದರ ವಿಷಯ ತಿಳಿಸಿದರು. ಕಾಯಿಲೆ ಅಟ್ಯಾಕ್ಸಿಯಾ. ಹಿಂಮಿದುಳು ಸವೆಯುತ್ತ ಮೊದಲು ನಡಿಗೆ, ಆಮೇಲೆ ಕೈ, ಕೊನೆಗೆ ಮಾತು ಹಿಡಿತ ತಪ್ಪುವ ವಂಶದ ರೋಗ. ತಂದೆ ಅದರಿಂದಲೇ ತೀರಿಕೊಂಡಿದ್ದರು. ಮಗ ಗಂಗಾಧರನಿಗೆ ಇಪ್ಪತ್ತೊಂಬತ್ತು, ಶುರುವಾಗಿತ್ತು. ರಕ್ತದ ಮಾದರಿ ತರಲು ಹೊರಟ ನಮ್ಮ ಸಂಶೋಧನಾಲಯದ ವೈದ್ಯರ ಜೊತೆ, ಆ ಕಡೆಯ ಮಾತು ಬಲ್ಲವಳೆಂದು ನನ್ನನ್ನೂ ಕಳಿಸಿದರು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸಬೇಕು. ಗಂಗಾಧರನ ಮನೆಯವರ ಕೊಂಡಿ ಊರಲ್ಲೇ ಹೆಸರುವಾಸಿ. ಕೂಡಿಸಿದ ಜಾಗ ಬೆರಳಿಗೆ ಸಿಗುತ್ತಿರಲಿಲ್ಲ. ತಪಾಸಣೆಯ ವರದಿ ಬರುವ ಮೊದಲೇ ಆ ಮನೆಗೆ ರೋಗ ಗೊತ್ತಾಗಿದ್ದೂ ಹೀಗೆಯೇ: ಗಂಗಾಧರ ನೇಯ್ದ ಒಂದು ಸೀರೆಯಲ್ಲಿ ಜೋಡಣೆ ಬೆರಳಿಗೆ ಸಿಕ್ಕಿತ್ತು. ಅವರಲ್ಲಿ ಒಂದು ರೂಢಿ ಇತ್ತು. ಕೊಂಡಿ ಕಲಿಸಿಕೊಟ್ಟವರು ಮತ್ತೆ ಮಗ್ಗಕ್ಕೆ ಕೂರುವಂತಿಲ್ಲ. ಅಪ್ಪ ಮಗನಿಗೆ ಕಲಿಸಿ ಎದ್ದಿದ್ದರು. ಗಂಗಾಧರನ ಹೆಂಡತಿ ರೇಣುಕಾ, ಹುನಗುಂದದವಳು, ಆಗಿನ್ನೂ ನೂಲು ಸುತ್ತಿಕೊಡುವುದಷ್ಟೇ ಬಲ್ಲವಳು.

ನನ್ನ ಕೆಲಸ ವಿವರಿಸಿದೆ. ಗಂಗಾಧರ ನಕ್ಕು, ಹಾಗಾದರೆ ನಿಮ್ಮದೂ ಕೊಂಡಿ ಹಾಕುವ ಕೆಲಸವೇ ಬಿಡಿ ಎಂದ. ನನಗೆ ಹಿಗ್ಗೋ ಹಿಗ್ಗು. ಆಮೇಲೆ ಕೇಳಿದ:

"ಕೈ ಪೂರಾ ಹೋಗೂದ್ರೊಳಗ ಔಷಧ ಬರ್ತೇತೇನ್ರಿ ಅಕ್ಕಾರ? ಬರಂಗಿಲ್ಲಂದ್ರ ಈಗ ಇಕಿಗೆ ಕಲಿಸಿ ಎದ್ದುಬಿಡ್ತೇನಿ."

"ಐದು ವರ್ಷದಾಗ ಬರ್ತೇತಪ್ಪ," ಎಂದೆ. ಅವನು ಕಲಿಸುವ ಮಾತು ಬಿಟ್ಟು ಮತ್ತೆ ಮಗ್ಗಕ್ಕೆ ಕೂತ.

ಐದು ವರ್ಷ ನಮ್ಮ ಯೋಜನೆಗೆ ಮಂಜೂರಾಗಿದ್ದ ಅವಧಿ. ಔಷಧಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ನಮ್ಮ ಅಣು ಆಗಷ್ಟೇ ಕೆಲಸ ಮಾಡಿತ್ತು, ಆ ಹಿಗ್ಗಿನಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ್ದೆ, ಅದೂ ಇನ್ನೊಬ್ಬರ ಕೂಸಿಗೆ.

೨೦೦೩ರಲ್ಲಿ ಅಣುವನ್ನು ಇಲಿಗಳಿಗೆ ಕೊಟ್ಟೆವು. ಮಿದುಳಿನಲ್ಲಿ ಉರಿಯೂತವಾಗಿ ಅವು ಸತ್ತವು. ಸರಪಳಿಯನ್ನು ನಾಲ್ಕಾರು ರೀತಿ ಬದಲಿಸಿದರೂ ಅದೇ ಗತಿ. ಯೋಜನೆ ನಿಂತಿತು, ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ಇಳಕಲ್ಲಿಗೆ ಒಂದು ಕಾಗದ ಬರೆಯಬೇಕಿತ್ತು. ಹೊಸ ಅಣು ಸಿಕ್ಕರೆ ಒಳ್ಳೆಯ ಸುದ್ದಿಯನ್ನೇ ಬರೆಯೋಣವೆಂದು ಮುಂದೂಡಿದೆ. ನಿಜ ಹೇಳಬೇಕೆಂದರೆ, ಬರೆಯಲು ನಾಚಿಕೆಯಾಗಿತ್ತು.

೨೦೦೬ರಲ್ಲಿ ಅವ್ವನನ್ನು ನೋಡಲು ಬಂದಾಗ, ಇನ್ನು ತಪ್ಪಿಸಿಕೊಳ್ಳಬಾರದೆಂದು ಇಳಕಲ್ ಬಸ್ಸು ಹತ್ತಿದೆ. ಗಂಗಾಧರ ಗೋಡೆಗೆ ಒರಗಿ ಕೂತಿದ್ದ. ನನ್ನ ಗುರುತು ಸಿಕ್ಕು ಏಳಲು ನೋಡಿದ, ಆಗಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಧೂಳು ಹಿಡಿದಿತ್ತು. ಸೆರಗಿನ ಹಾಸನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟಿದ್ದರು. ಔಷಧ ಬಂದ ಮೇಲೆ ತಾನೇ ಕೂಡಿಸುತ್ತೇನೆಂದು ಇಡಿಸಿದ್ದನಂತೆ.

ಔಷಧ ಬರುವುದಿಲ್ಲ, ಅದು ಮೂರು ವರ್ಷದ ಹಿಂದೆಯೇ ಗೊತ್ತಾಗಿತ್ತು ಎಂದೆ. ರೇಣುಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಆಗ ಹೇಳಿದ್ರೂ ನಡೀತಿತ್ರಿ ಅಕ್ಕಾರ," ಎಂದಳು. "ಆಗ ಇವರ ಕೈ ಇನ್ನೂ ಮಾತು ಕೇಳ್ತಿತ್ತು."

ಗಂಗಾಧರ ಅವಳಿಗೆ ಸನ್ನೆ ಮಾಡಿದ. ಸೆರಗಿನ ಹಾಸನ್ನು ಬಿಚ್ಚಿ ತಂದಳು. ಅವನು ಒಂದು ಎಳೆ ಹಿಡಿದ. ಬೆರಳು ಎಲ್ಲಿಗೋ ಹಾರಿತು. ಅವಳು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದು ನಿಲ್ಲಿಸಿದಳು. ಬಾಯಿಂದ ಹೇಳಲು ನೋಡಿದ. ಅವನ ಮಾತು ಅವಳಿಗೆ ಅರ್ಥವಾಗುತ್ತಿತ್ತು, ಆದರೆ ಆ ವಿದ್ಯೆ ಮಾತಿನಲ್ಲಿ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಕೊಂಡಿ ಬಿತ್ತು. ಬೆರಳಿಟ್ಟು ನೋಡಿದ, ಗಂಟು ಸಿಕ್ಕಿತು. ಅಷ್ಟಕ್ಕೇ ನಿಲ್ಲಿಸಿದರು. ನಾನು ಅಂಗಳಕ್ಕೆ ಹೋಗಿ ಅತ್ತೆ.

ಮರುವರ್ಷ ಗಂಗಾಧರ ಹೋದ. ರೇಣುಕಾ ಇಂದಿಗೂ ಬೇರೆಯವರ ಮನೆಯಲ್ಲಿ ನೂಲು ಸುತ್ತುತ್ತಾಳೆ.

ಈಗ ನಾನು ನಿವೃತ್ತಳು. ನಮ್ಮ ಬಗೆಯ ಔಷಧಗಳು ಒಂದೆರಡು ನರರೋಗಗಳಿಗೆ ಬಂದಿವೆ. ಅವನ ರೋಗಕ್ಕೆ ಬಂದಿಲ್ಲ. ಅಂಥ ಮನೆಗಳವರು ಈಗಲೂ ನನ್ನನ್ನು ಹುಡುಕಿಕೊಂಡು ಬಂದು, ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಆಮೇಲೆ, ನಿಮ್ಮ ಕೈ ಬಲ್ಲ ಕೆಲಸ ಯಾವುದು ಎಂದು ಕೇಳಿ, ಅದನ್ನು ಇವತ್ತೇ ಮನೆಯವರಿಗೆ ಕಲಿಸಲು ಕೂರಿ ಎನ್ನುತ್ತೇನೆ.