ದೊಡ್ಡವ್ವನ ಮೊಣಕಾಲಿಗೆ ಆಲಿವ್ ಎಣ್ಣೆ

ಆ ದೋಣಿಯ ಟಿಕೆಟ್ಟುಗಳನ್ನು ನಾನು ಮೂರು ವಾರ ಮೊದಲೇ ತೆಗೆಸಿಟ್ಟಿದ್ದೆ. ಮೆಡಿಟರೇನಿಯನ್ ಸಮುದ್ರದ ದ್ವೀಪವೊಂದು ದಾರಿ ತಪ್ಪಿ ಬಂದು ಆಕ್ಲೆಂಡಿನ ಪಕ್ಕದಲ್ಲಿ ನಿಂತಿದೆ ಎಂದು ಜಾಹೀರಾತಿನಲ್ಲಿತ್ತು. ಆಲಿವ್ ತೋಟ, ದ್ರಾಕ್ಷಿ ತೋಟ, ನೀಲಿ ನೀರು, ಮಧ್ಯಾಹ್ನದ ಊಟ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು. ಅವ್ವ ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗಿತ್ತು. ನನ್ನ ಡ್ಯೂಟಿಗಳ ಸಂದಿಯಲ್ಲಿ ಅವಳು ಕಂಡದ್ದು ಸೂಪರ್ ಮಾರ್ಕೆಟ್ಟು, ಏವನ್‌ಡೇಲಿನ ಭಾನುವಾರದ ಸಂತೆ ಮತ್ತು ನಮ್ಮ ಹಿತ್ತಲಿನ ಬಟ್ಟೆ ಒಣಗಿಸುವ ತಂತಿ. ಒಂದು ದಿನವಾದರೂ ಅವಳನ್ನು ಮೆರೆಸಬೇಕೆಂಬ ಹಟ ನನಗಿತ್ತು.

ಆ ಶನಿವಾರ ಬೆಳಗಿನ ಐದೂ ಇಪ್ಪತ್ತಕ್ಕೆ ಹುಬ್ಬಳ್ಳಿಯಿಂದ ಅಣ್ಣನ ಫೋನ್ ಬಂತು. ದೊಡ್ಡವ್ವ ಸತ್ತುಹೋಗಿದ್ದಳು.

ದೊಡ್ಡವ್ವ ಅಂದರೆ ಅವ್ವನ ಒಡಹುಟ್ಟಿದ ಅಕ್ಕ. ಅವ್ವನಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಹೋದಳು. ಹನ್ನೆರಡು ವರ್ಷದ ಅಕ್ಕ ಶಾಲೆ ಬಿಟ್ಟು ತಂಗಿಯ ತಲೆ ಬಾಚಿದಳು, ರೊಟ್ಟಿ ಬಡಿದಳು, ಕಡೆಗೆ ಮದುವೆಯನ್ನೂ ಮುಂದೆ ನಿಂತು ಮಾಡಿಸಿದಳು. ಇಬ್ಬರೂ ಮುದುಕಿಯರಾದರೂ ದಿನಾ ವಿಡಿಯೋದಲ್ಲಿ ಮಾತಾಡಬೇಕು. ದೊಡ್ಡವ್ವ ಅಲ್ಲಿ ಬೆಳಗಿನ ಏಳು ಗಂಟೆಯ ಚಹಾ ಕುಡಿಯುವಾಗ ನಮಗೆ ಮಧ್ಯಾಹ್ನ ಎರಡೂವರೆ. ಆ ಹೊತ್ತಿಗೆ ಮನೆಗೆ ಬೆಂಕಿ ಬಿದ್ದರೂ ಅವ್ವ ಫೋನು ಬಿಟ್ಟು ಏಳುತ್ತಿರಲಿಲ್ಲ.

"ಅವ್ವಗ ಈಗ ಹೇಳಬ್ಯಾಡ" ಎಂದ ಅಣ್ಣ. "ಆಕಿ ಎದಿಯೊಳಗ ಎರಡು ಸ್ಟೆಂಟ್ ಅದಾವ. ಮಣ್ಣಾಗ್ಲಿ. ಆಮ್ಯಾಲೆ ಸಾವಕಾಶ ಹೇಳೋಣಂತ."

"ಮಣ್ಣು ಎಷ್ಟಕ್ಕ?"

"ನಾಳೆ ಮುಂಜಾನೆ ಹತ್ತೂವರಿಗೆ ಎತ್ತತೀವಿ."

ಅಲ್ಲಿ ಆಗಿನ್ನೂ ಶುಕ್ರವಾರ ರಾತ್ರಿ; ಅವರ ನಾಳೆಯ ಹತ್ತೂವರೆಯೆಂದರೆ ಇಲ್ಲಿ ಅದೇ ಶನಿವಾರ ಸಂಜೆ ಆರು. ದ್ವೀಪದಿಂದ ನಮ್ಮ ದೋಣಿ ಹೊರಡುವುದೂ ಆರಕ್ಕೆ. ಎಲ್ಲಾ ಮುಗಿಯುವವರೆಗೆ ಅವ್ವ ನೀರಿನ ಮೇಲಿರುತ್ತಾಳೆ, ನೆಂಟರ ಫೋನು ಮುಟ್ಟುವುದಿಲ್ಲ. ದೇವರೇ ದಾರಿ ತೋರಿಸಿದ ಎಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ನಮ್ಮ ಕಡೆ ಸಾವನ್ನು ಒಂದೇ ಏಟಿಗೆ ಹೇಳುವ ಪದ್ಧತಿಯಿಲ್ಲ. ಮೊದಲು "ಸ್ವಲ್ಪ ಆರಾಮಿಲ್ಲ" ಅನ್ನುತ್ತಾರೆ. ಆಮೇಲೆ "ಸೀರಿಯಸ್ ಅದಾರ, ಹೊರಟು ಬರ್ರಿ." ಬಂದವರು ಮನೆಯ ಮುಂದಿನ ಬೆಂಕಿ, ಬೆಂಚು, ಗುಂಪು ನೋಡಿ ತಾವೇ ತಿಳಿದುಕೊಳ್ಳಬೇಕು. ಅವ್ವನಿಗೂ ಅವಳಪ್ಪ ಸತ್ತಾಗ ಹೀಗೇ ಹೇಳಿದ್ದರು. ಅವಳು ಬಸ್ ಸ್ಟ್ಯಾಂಡಿನಲ್ಲಿ ಇಳಿದು, ರೋಗಿಗೆ ಶಕ್ತಿ ಬರಲೆಂದು ಒಂದು ಡಜನ್ ಮೋಸಂಬಿ ಕೊಂಡು ಮನೆಗೆ ಹೋಗಿದ್ದಳು. ಮಣ್ಣು ಮಾಡಿ ಬಂದ ಜನ ಕೈಕಾಲು ತೊಳೆಯುತ್ತಿದ್ದರಂತೆ. "ಸತ್ತ ಅಪ್ಪಗ ಮೋಸಂಬಿ ಒಯ್ದ ಮಗಳು ನಾ" ಎಂದು ಅವಳು ಎಷ್ಟೋ ಸಲ ಹೇಳಿ, ಪ್ರತಿ ಸಲವೂ ಸಿಟ್ಟಾಗುತ್ತಿದ್ದಳು. ಆ ಕಥೆ ಕೇಳುತ್ತಲೇ ನಾನು ದೊಡ್ಡವಳಾದದ್ದು. ಆದರೂ ನನ್ನ ತಲೆಯಲ್ಲಿ ಅದೇ ಮೆಟ್ಟಿಲುಗಳು ಸಿದ್ಧವಾದವು: ಇಂದು ನೆಟ್‌ವರ್ಕ್ ಇಲ್ಲ, ನಾಳೆ ಆರಾಮಿಲ್ಲ, ಸೋಮವಾರ ಸೀರಿಯಸ್.

ಇದರಲ್ಲಿ ಇನ್ನೂ ಕೆಟ್ಟದ್ದೊಂದಿದೆ. ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಸಾವಿನ ಸುದ್ದಿ ಹೇಳುವಾಗ "ಹೋಗಿಬಿಟ್ಟರು", "ನಮ್ಮೊಂದಿಗಿಲ್ಲ" ಎಂದು ಸುತ್ತಿ ಬಳಸಬೇಡಿ, "ಸತ್ತಿದ್ದಾರೆ" ಎಂಬ ಮಾತನ್ನೇ ಆಡಿ, ಅದು ಅವರ ಹಕ್ಕು ಎಂದು ಹೊಸದಾಗಿ ಬಂದ ನರ್ಸುಗಳಿಗೆ ಪಾಠ ಹೇಳುವವಳೇ ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಗಂಡ ಮೈಸೂರಿನವರು, ಮೆಲುಮಾತಿನವರು. "ಹೇಳ್ಬಿಡೋಣ ಕಣೇ. ವಿಡಿಯೋದಲ್ಲಾದ್ರೂ ಮುಖ ನೋಡ್ಲಿ. ಸಾಕಿದ ಅಕ್ಕ ಅಲ್ವಾ?" ಎಂದರು.

"ನಿಮಗ ಗೊತ್ತಾಗಂಗಿಲ್ಲ, ಸುಮ್ಕಿರ್ರಿ" ಎಂದೆ. ಅವರು ನಮ್ಮಿಬ್ಬರನ್ನೂ ಬಂದರಿನವರೆಗೆ ಬಿಟ್ಟು ಮನೆಗೆ ಹೋದರು.

ಮನೆ ಬಿಡುವ ಹೊತ್ತಿಗಾಗಲೇ ಅವ್ವ ಇಳಕಲ್ ಸೀರೆ ಉಟ್ಟು, ಕಾಲಿಗೆ ನನ್ನ ವಾಕಿಂಗ್ ಶೂಸ್ ಹಾಕಿಕೊಂಡು, ಏವನ್‌ಡೇಲ್ ಸಂತೆಯಲ್ಲಿ ಕೊಂಡ ಹುಲ್ಲಿನ ಟೋಪಿ ಹಿಡಿದು ಸಿದ್ಧಳಾಗಿದ್ದಳು. ಊಟ ಅವರೇ ಕೊಡುತ್ತಾರೆಂದರೂ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ದೋಣಿ ಹತ್ತುವ ಮೊದಲು, ಫೋಟೋ ತೆಗೆಯಲು ಸರಿಮಾಡಿ ಕೊಡುತ್ತೇನೆಂದು ಅವಳ ಫೋನು ಇಸಿದುಕೊಂಡು ಫ್ಲೈಟ್ ಮೋಡಿಗೆ ಹಾಕಿದೆ. ಆಸ್ಪತ್ರೆಯಲ್ಲಿ ಪಳಗಿದ ಕೈ, ಒಂದೇ ಸಲಕ್ಕೆ ಕೆಲಸ ಮುಗಿಸಿತು.

"ಯಾಕ, ಮೂಗು ಕೆಂಪಾಗೇತಿ?" ಎಂದಳು ನನ್ನನ್ನು ನೋಡಿ.

"ನೆಗಡಿ" ಎಂದೆ. ದೊಡ್ಡವ್ವ ನನ್ನನ್ನೂ ಎತ್ತಿ ಆಡಿಸಿದವಳು. ಅವಳಿಗಾಗಿ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಐದು ನಿಮಿಷ ಅತ್ತದ್ದೆಷ್ಟೋ ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಅಳುವ ಧೈರ್ಯ ಆ ದಿನ ನನಗಿರಲಿಲ್ಲ.

ದೋಣಿ ಬಿಟ್ಟಿತು. ಊರಿನ ಎತ್ತರದ ಕಟ್ಟಡಗಳು ಹಿಂದೆ ಸರಿದವು. ಕ್ಯಾಪ್ಟನ್ ಮೈಕಿನಲ್ಲಿ ಏನೇನೋ ಜೋಕು ಹೇಳುತ್ತಿದ್ದ, ಜನ ಬೆಳಗಿನ ಹತ್ತಕ್ಕೇ ಬಿಯರ್ ಹಿಡಿದು ನಗುತ್ತಿದ್ದರು. ಅವ್ವ ಕಟಕಟೆ ಹಿಡಿದು ನಿಂತು, "ವಿಡಿಯೋ ಹಿಡಿ, ಅಕ್ಕಗ ಕಳಸೋಣು" ಎಂದಳು. ಅವಳ ಫೋನಿನಲ್ಲೇ ಹಿಡಿದೆ.

"ಅಕ್ಕಾ, ಏಳಬ್ಯಾಡ, ಕುಂತಲ್ಲೇ ನೋಡು" ಎಂದು ಶುರುಮಾಡಿದಳು. ಫೋನು ಬಂದೊಡನೆ ಕನ್ನಡಕ ಹುಡುಕಲೆಂದು ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದಳು. ಅದಕ್ಕೇ ಅವ್ವನ ಪ್ರತಿ ಮಾತೂ ಹೀಗೇ ಶುರುವಾಗುತ್ತಿತ್ತು. "ಇಲ್ನೋಡು, ಎಷ್ಟ್ ನೀರು! ನಮ್ಮ ಉಣಕಲ್ ಕೆರಿ ಇದರ ಮುಂದ ಬಚ್ಚಲಾ. ನಿನ್ನ ತಂಗಿ ಟೋಪಿ ಹಾಕ್ಯಾಳ ನೋಡು, ನಗಬ್ಯಾಡ."

ನಾನು ಫೋನು ಹಿಡಿದು ನಿಂತಿದ್ದೆ. ನನ್ನ ಅಂದಾಜಿನಲ್ಲಿ ಆ ಹೊತ್ತಿಗೆ ದೊಡ್ಡವ್ವನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿರಬೇಕು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ.

"ವಿಡಿಯೋ ಹೋತೇನು?"

"ಹೋತವ್ವ."

"ಮತ್ತ ಈ ಗಡಿಯಾರದ ಚಿತ್ರ ಯಾಕ ಬರಾಕತ್ತೇತಿ?"

"ಸಮುದ್ರದಾಗ ನೆಟ್‌ವರ್ಕ್ ಇರಂಗಿಲ್ಲ. ದಂಡಿಗೆ ಹೋದ ಮ್ಯಾಲೆ ಹೋಗ್ತದ."

ದ್ವೀಪ ಚೆಂದವಿತ್ತು. ಇಲ್ಲವೆನ್ನಲಾರೆ. ಒಣಹುಲ್ಲಿನ ಬಣ್ಣದ ಗುಡ್ಡಗಳು, ಬೆಳ್ಳಿ ಎಲೆಯ ಆಲಿವ್ ಗಿಡಗಳು, ಕೆಳಗೆ ಕಣ್ಣು ಚುಚ್ಚುವ ನೀಲಿ. ಬಸ್ಸಿನಲ್ಲಿ ಕೂರಿಸಿ ತೋಟದಿಂದ ತೋಟಕ್ಕೆ ಸುತ್ತಾಡಿಸಿದರು. ವೈನ್ ಬೇಡವೆಂದ ಅವ್ವನಿಗೆ ದ್ರಾಕ್ಷಿ ರಸ ಕೊಟ್ಟರು. ಅವಳು ಅದನ್ನು ಲೋಟದ ಕಾಲು ಹಿಡಿದು ಕುಡಿದು, ಇದನ್ನೂ ವಿಡಿಯೋ ಹಿಡಿಯೆಂದಳು. ಊಟಕ್ಕೆ ಕೂತಾಗ ಪಕ್ಕದ ಮೇಜಿನಲ್ಲಿ ಯಾರದೋ ಹುಟ್ಟುಹಬ್ಬ. ಅವರು ಕೇಕಿನ ತುಂಡು ಕೊಟ್ಟರು, ಅವ್ವ ತಿಂದಳು. ನಾನು ನೋಡುತ್ತ ಕೂತೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸದ ಹೊತ್ತು ಅದು. ಒಂದು ಮಾತು ಸಾಕಿತ್ತು. ಬಾಯಿ ತೆರೆದೆ, "ನೀರು ಬೇಕೇನವ್ವ?" ಎಂದೆ.

ಎರಡೂವರೆಗೆ ಸರಿಯಾಗಿ ಅವಳು, "ಅಕ್ಕನ ಚಾದ ಹೊತ್ತಾತು, ಹಚ್ಚು ಫೋನು" ಎಂದಳು.

"ಇಲ್ಲೂ ನೆಟ್‌ವರ್ಕ್ ಇಲ್ಲ."

ಅವಳು ಸುತ್ತ ನೋಡಿದಳು. ಬಸ್ಸಿನ ತುಂಬ ಜನ ಫೋನಿನಲ್ಲಿ ಮಾತಾಡುತ್ತಿದ್ದರು. "ಇವರಿಗೆಲ್ಲ ಐತಲ್ಲ?"

"ಅವರದು ಬ್ಯಾರೆ ಕಂಪನಿ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ನನಗೇ ನಂಬಿಕೆ ಬರುವಂತಿತ್ತು.

"ಪಾಪ, ದಾರಿ ನೋಡತಿರ್ತಾಳ" ಎಂದಷ್ಟೇ ಹೇಳಿ ಅವ್ವ ಕಿಟಕಿಯ ಕಡೆ ತಿರುಗಿದಳು.

ಕಡೆಯ ತೋಟದಲ್ಲಿ ಆಲಿವ್ ಎಣ್ಣೆಯ ಅಂಗಡಿಯಿತ್ತು. ಅಂಗಡಿಯ ಹೆಂಗಸು ಬ್ರೆಡ್ಡಿನ ಚೂರನ್ನು ಎಣ್ಣೆಯಲ್ಲಿ ಅದ್ದಿ ಕೊಟ್ಟಳು. ಅವ್ವ ತಿನ್ನಲಿಲ್ಲ. ಎರಡು ಹನಿ ಅಂಗೈಗೆ ಹಾಕಿಸಿಕೊಂಡು, ತನ್ನ ಮೊಣಕೈಗೆ ತಿಕ್ಕಿ, ಮೂಸಿ ನೋಡಿದಳು. "ಇದು ಕೀಲಿಗೆ ಛಲೋ. ಅಕ್ಕನ ಮೊಣಕಾಲಿಗೆ ಒಂದು ಬಾಟ್ಲಿ ತಗೋ" ಎಂದಳು.

ಬೇಡವೆನ್ನಲು ಏನು ಕಾರಣ ಕೊಡಲಿ? ಕೊಂಡೆ. ಅಂಗಡಿಯವಳು ಉಡುಗೊರೆಯೇ ಎಂದು ಕೇಳಿ ರಿಬ್ಬನ್ ಕಟ್ಟಿದಳು. ಅವ್ವ ಬಾಟಲಿ ಎತ್ತಿ ಹಿಡಿದು ಇನ್ನೊಂದು ವಿಡಿಯೋ ಮಾಡಿಸಿದಳು. "ಅಕ್ಕಾ, ಏಳಬ್ಯಾಡ, ಕುಂತಲ್ಲೇ ನೋಡು. ನಾ ಬರೂತನಕ ತಡಿ. ನಾನೇ ತಿಕ್ಕತೀನಿ."

ಆರಕ್ಕೆ ಹತ್ತು ನಿಮಿಷವಿರುವಾಗ ವಾಪಸ್ಸಿನ ದೋಣಿ ಹತ್ತಿದೆವು. ಅವ್ವನನ್ನು ಮೇಲಿನ ಮಹಡಿಯಲ್ಲಿ ಕೂರಿಸಿ ಚಹಾ ತರಲು ಕೆಳಗಿಳಿದೆ. ಸಾಲು ಉದ್ದವಿತ್ತು. ಅಣ್ಣನಿಗೆ "ಎತ್ತಿದಿರೇನು?" ಎಂದು ಬರೆದೆ. ಉತ್ತರ ಬರಲಿಲ್ಲ. ದೋಣಿ ದಂಡೆ ಬಿಟ್ಟಿತು. ಆರೂ ಐದು. ಇನ್ನೇನು ಮುಗಿಯಿತು ಎಂದು ನಿಟ್ಟುಸಿರು ಬಿಟ್ಟೆ. ಅದು ದುಃಖದ್ದಲ್ಲ, ಗೆದ್ದೆ ಎಂಬ ನಿಟ್ಟುಸಿರು.

ಎರಡು ಲೋಟ ಹಿಡಿದು ಮೇಲೆ ಬಂದರೆ ಅವ್ವನ ತೊಡೆಯ ಮೇಲೆ ಫೋನು ಬಿಟ್ಟೂಬಿಡದೆ ಸದ್ದುಮಾಡುತ್ತಿತ್ತು.

"ಇಮಾನದ ಚಿತ್ರ ಇತ್ತು" ಎಂದಳು ನನ್ನನ್ನು ನೋಡದೆ. "ಸಿಂಗಾಪುರದಾಗ ಇಳದ ಕೂಡಲೆ ಅದನ್ನ ಒತ್ತಬೇಕು ಅಂತ ನೀನೇ ಕಲಿಸಿದ್ದಿ. ಒತ್ತಿದೆ."

ಫೋನಿನಲ್ಲಿ ನಮ್ಮ ಮನೆತನದ ವಾಟ್ಸಾಪ್ ಗುಂಪು ತೆರೆದಿತ್ತು. ದೊಡ್ಡವ್ವನ ಫೋಟೋ, ಸುತ್ತ ಹೂವಿನ ಹಾರ. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಅವ್ವನ ಮುಖದ ಮೇಲೆ ಹುಲ್ಲಿನ ಟೋಪಿಯ ನೆರಳಿತ್ತು. ಅವಳು ಅಳಲಿಲ್ಲ, ಎದೆ ಹಿಡಿದುಕೊಳ್ಳಲಿಲ್ಲ. ನಾವು ಹೆದರಿದ್ದು ಯಾವುದೂ ಆಗಲಿಲ್ಲ.

"ಯಾವಾಗ?"

"ನಿನ್ನೆ ರಾತ್ರಿ. ನಮಗ ಇವತ್ತ ಬೆಳಿಗ್ಗೆ."

"ನಾ ಸೀರಿ ಉಡೋವಾಗ ನಿನಗ ಗೊತ್ತಿತ್ತು."

"ಗೊತ್ತಿತ್ತವ್ವ."

"ಎತ್ತಿದ್ರೇನು?"

ಆಸ್ಪತ್ರೆಯಲ್ಲಿ ಹೇಳುವ ಹಾಗೆ ನೇರವಾಗಿ ಹೇಳಿದೆ, ಕಡೆಗೂ. "ಈಗ ಎತ್ತೋ ಹೊತ್ತು."

ಅವಳು ಅಣ್ಣನಿಗೆ ಫೋನು ಹಚ್ಚಿದಳು. ಅವನು ಎತ್ತಲಿಲ್ಲ. ದೊಡ್ಡವ್ವನ ಫೋನಿಗೆ ಹಚ್ಚಿದಳು. ಎರಡು ಸಲ ರಿಂಗಾಗಿ ನೆಟ್‌ವರ್ಕ್ ನಿಜವಾಗಿಯೂ ಕಡಿದುಹೋಯಿತು. ಅರ್ಧ ಗಂಟೆ ನಾವು ನೀರಿನ ಮೇಲಿದ್ದೆವು. ಕ್ಯಾಪ್ಟನ್ ಡಾಲ್ಫಿನ್ ಕಂಡಿತೆಂದು ಕೂಗಿದ, ಜನರೆಲ್ಲ ನಮ್ಮ ಬದಿಗೆ ನುಗ್ಗಿ ಬಂದರು. ಅವ್ವ ಚೀಲದಿಂದ ರಿಬ್ಬನ್ ಕಟ್ಟಿದ ಬಾಟಲಿ ತೆಗೆದು ನನ್ನ ಕೈಯಲ್ಲಿಟ್ಟಳು.

"ಅಪ್ಪಗ ಮೋಸಂಬಿ" ಎಂದಳು. "ಅಕ್ಕಗ ಎಣ್ಣಿ."

ಮನೆಗೆ ಬಂದ ಮೇಲೆ ಅಣ್ಣನ ಫೋನು ಬಂತು. ಅವನು ಅಳುತ್ತಿದ್ದ. ದೊಡ್ಡವ್ವನನ್ನು ಅಂಗಳಕ್ಕೆ ತಂದು, ಹೂವಿನ ಕುರ್ಚಿಯಲ್ಲಿ ಕೂರಿಸಿ, ಇನ್ನೇನು ಹೆಗಲು ಕೊಡಬೇಕೆನ್ನುವಾಗ ಅವಳ ಫೋನು ಟಣ್ ಟಣ್ ಎಂದಿತಂತೆ. ಬಂದ ಕರೆಗಳಿಗೆ ಉತ್ತರಿಸಲು ಅದನ್ನು ಮೊಮ್ಮಗಳು ಹಿಡಿದುಕೊಂಡಿದ್ದಳು. ತಂಗಿಯಿಂದ ಬಂದಿದೆ ಎಂದು ಕಂಡು, ಸುದ್ದಿ ತಿಳಿದು ಕಡೆಯ ಮಾತು ಕಳಿಸಿರಬೇಕೆಂದುಕೊಂಡು, ಹುಡುಗಿ ಅದನ್ನು ದೊಡ್ಡವ್ವನ ಕಿವಿಯ ಹತ್ತಿರ ಹಿಡಿದು ಜೋರಾಗಿ ಹಚ್ಚಿದಳಂತೆ.

"ಅಕ್ಕಾ, ಏಳಬ್ಯಾಡ, ಕುಂತಲ್ಲೇ ನೋಡು."

ಅಂಗಳವೆಲ್ಲ ಹೋ ಎಂದು ಅತ್ತಿತು. ಆಮೇಲೆ ಅವ್ವ ಟೋಪಿಯ ಮಾತಾಡಿ ನಕ್ಕದ್ದು ಕೇಳಿಸಿತು. ಯಾರೋ ಆರಿಸಿದರು.

ಅಣ್ಣ ಹೇಳಿದ್ದನ್ನೆಲ್ಲ ಅವ್ವ ಗೋಡೆಗೆ ಒರಗಿ ಕೂತು ಕೇಳಿದಳು. "ನನ್ನ ದನಿ ಹೋಗಿ ಮುಟ್ತು" ಎಂದಳು. "ನನ್ನ ಕಣ್ಣಿಗೆ ಮಾತ್ರ ಮುಖ ಸಿಗಲಿಲ್ಲ." ಆಗ ಅತ್ತಳು. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದಳು. ಗಂಡ ಹೋಗಿ ಪಕ್ಕದಲ್ಲಿ ಕೂತರು, ಅವರನ್ನು ತಡೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಆ ಬುದ್ಧಿಯಿಂದ ಯಾರಿಗೂ ಏನೂ ಉಪಯೋಗವಿಲ್ಲ.

ಹತ್ತು ದಿನದಲ್ಲಿ ಅವಳು ಟಿಕೆಟ್ ಬದಲಿಸಿಕೊಂಡು ಹೊರಟಳು. ಆ ಹತ್ತು ದಿನವೂ ಅಡುಗೆ ಮಾಡಿದಳು, ಬಟ್ಟೆ ಮಡಚಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಮಧ್ಯಾಹ್ನ ಎರಡೂವರೆಗೆ ಮಾತ್ರ ಹಿತ್ತಲಿಗೆ ಹೋಗಿ ತಂತಿಯ ಕೆಳಗೆ ನಿಲ್ಲುತ್ತಿದ್ದಳು. ಏರ್‌ಪೋರ್ಟಿನಲ್ಲಿ ಒಳಗೆ ಹೋಗುವ ಮೊದಲು ನನ್ನ ತಲೆ ನೇವರಿಸಿದಳು.

"ನಿಮ್ಮಣ್ಣಗ ಹೇಳಿಟ್ಟೀನಿ" ಎಂದಳು. "ನನ್ನ ಸುದ್ದಿ ಬಂದಾಗ ಆರಾಮಿಲ್ಲ, ಸೀರಿಯಸ್ ಅಂತ ನಿನಗ ಯಾರೂ ಸುಳ್ಳ ಹೇಳಬಾರದು. ಇದ್ದದ್ದ ಇದ್ದಂಗ ಹೇಳ್ತಾರ. ನೀ ತಡಕೋತಿ."

ಅದು ಶಾಪವೋ ಆಶೀರ್ವಾದವೋ ನನಗೆ ಇಂದಿಗೂ ತಿಳಿದಿಲ್ಲ. ಅವ್ವ ಈಗಲೂ ಇದ್ದಾಳೆ, ದಿನಾ ಮಾತಾಡುತ್ತಾಳೆ. ಆದರೆ ಅಣ್ಣ ಎಂದಾದರೂ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಮಾಡಿ, "ಅವ್ವಗ ಯಾಕೋ ಸ್ವಲ್ಪ ಆರಾಮಿಲ್ಲ" ಎಂದರೆ ಕೈಯಲ್ಲಿದ್ದ ಕೆಲಸ ಅಲ್ಲೇ ಬಿಡುತ್ತೇನೆ. ಮುಖ ತೋರಿಸು ಎನ್ನುತ್ತೇನೆ. ಅವನು ಫೋನು ತಿರುಗಿಸುತ್ತಾನೆ. ಅವ್ವ ನಿಧಾನವಾಗಿ ಕಣ್ಣು ತೆರೆದು ನನ್ನನ್ನು ನೋಡುವವರೆಗೆ ನಾನು ಅವನ ಒಂದು ಮಾತನ್ನೂ ನಂಬುವುದಿಲ್ಲ.